ಕುಂಡದಲ್ಲಿ ಮರುಭೂಮಿ

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯ ಕಿಟಕಿಯ ಕಟ್ಟೆಯ ಮೇಲೆ ಕೆಲವು ವರ್ಷಗಳ ಹಿಂದೆ ಒಂದು ಗುಂಡುಕಳ್ಳಿ ಇದ್ದಿತು. ಸಸ್ಯವಿಜ್ಞಾನದ ಹಿರಿಯ ಅಧ್ಯಾಪಕರೊಬ್ಬರು ನಿವೃತ್ತರಾಗುವಾಗ ಅದನ್ನು ನಮ್ಮ ವಿಭಾಗಕ್ಕೆ ಒಪ್ಪಿಸಿ ಹೋಗಿದ್ದರು. ರಾಗಿಯ ಕಾಳಿನಷ್ಟು ಬೀಜದಿಂದ ಹೊರಟ ಆ ಗಿಡವನ್ನು ಅವರು ಹನ್ನೆರಡು ವರ್ಷ ಸಾಕಿ ತೆಂಗಿನಕಾಯಿಯ ಗಾತ್ರಕ್ಕೆ ತಂದಿದ್ದರು. ಕೊಡುವಾಗ ಅವರು ಹೇಳಿದ ಮಾತು ಒಂದೇ: “ಇದಕ್ಕೆ ಹೆಚ್ಚಿಗೆ ಏನನ್ನೂ ಮಾಡಬೇಡಿ; ಅದೇ ಇದರ ಆರೈಕೆ.”

ನಾವು ಮಾಡಿದೆವು. ಅವರ ಹಳೆಯ ಮಣ್ಣಿನ ಕುಂಡ ಅಂದವಾಗಿಲ್ಲವೆಂದು ಗಿಡವನ್ನು ಹೊಳಪಿನ ಪಿಂಗಾಣಿ ಕುಂಡಕ್ಕೆ ಬದಲಾಯಿಸಿದೆವು. ನೀರು ಬಸಿಯಲೆಂದು ತಳದಲ್ಲಿ ನಾಲ್ಕು ಬೆರಳು ಜಲ್ಲಿ ಹರಡಿದೆವು. ಅದರ ಮೇಲೆ ತೋಟದ ಮಣ್ಣನ್ನು ನಯವಾಗಿ ಜರಡಿ ಹಿಡಿದು ತುಂಬಿದೆವು. ಪ್ರಯೋಗಶಾಲೆಗೆ ಬಂದವರೆಲ್ಲರೂ ಕನಿಕರದಿಂದ ಒಂದೊಂದು ಲೋಟ ನೀರು ಹೊಯ್ದರು. ಆಷಾಢದ ಒಂದು ಬೆಳಗ್ಗೆ ಗಿಡವು ಒಂದು ಕಡೆಗೆ ವಾಲಿದ್ದಿತು. ನೆಟ್ಟಗೆ ಮಾಡಲು ಬುಡವನ್ನು ಒತ್ತಿದೆವು. ಹೆಬ್ಬೆರಳು ಒಳಕ್ಕೆ ಹೋಯಿತು. ಹನ್ನೆರಡು ವರ್ಷದ ಬಾಳು ಒಳಗಿನಿಂದಲೇ ಕೊಳೆತುಹೋಗಿದ್ದಿತು.

“ನೀರು ಹೆಚ್ಚಾಯಿತು” ಎಂದು ಎಲ್ಲರೂ ಹೇಳಿದರು. ಆ ಉತ್ತರದಿಂದ ನಮಗೆ ಸಮಾಧಾನವಾಗಲಿಲ್ಲ. ಏಕೆಂದರೆ ಈ ಗಿಡದ ತವರಿನಲ್ಲಿಯೂ ಮಳೆ ಬೀಳುವುದುಂಟು. ಬಿದ್ದಾಗ ಬಿರುಸಾಗಿಯೇ ಬೀಳುವುದುಂಟು. ಅಲ್ಲಿ ಬದುಕಿಸುವ ನೀರು ಇಲ್ಲಿ ಕೊಂದುದೇಕೆ? ಈ ಪ್ರಶ್ನೆಯ ಉತ್ತರವು ನಾವು ಆ ವಾರವೇ ತರಗತಿಯಲ್ಲಿ ಬೋಧಿಸುತ್ತಿದ್ದ ಪಾಠದಲ್ಲಿ ಅಡಗಿದ್ದಿತೆಂಬುದು ತಡವಾಗಿ ತಿಳಿಯಿತು. ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಗಿಡದ ತವರು

ಗೋಳಾಕಾರದ ಹಸುರು ಮೈ, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಓಡುವ ಇಪ್ಪತ್ತು ಮೂವತ್ತು ಏಣುಗಳು, ಏಣುಗಳುದ್ದಕ್ಕೂ ಹೊಂಬಣ್ಣದ ಗಡುಸಾದ ಮುಳ್ಳುಗಳು, ನೆತ್ತಿಯಲ್ಲಿ ಹಳದಿ ತುಪ್ಪುಳಿನ ಟೋಪಿ: ಇದು ಈ ಗಿಡದ ರೂಪ. ಉದ್ಯಾನಗಾರರು ಇದನ್ನು ಗೋಲ್ಡನ್ ಬ್ಯಾರಲ್ ಕ್ಯಾಕ್ಟಸ್ ಎಂದು ಕರೆಯುವರು. ನಾವು ಚಿನ್ನದ ಪೀಪಾಯಿಕಳ್ಳಿ ಎನ್ನೋಣ. ಯೂರೋಪಿನವರು ಇದಕ್ಕೆ ‘ಅತ್ತೆಯ ಪೀಠ’ ಎಂಬ ಕುಚೋದ್ಯದ ಹೆಸರನ್ನೂ ಇಟ್ಟಿರುವರು. ಅತ್ತೆಯ ಕಥೆಗಳು ನಮ್ಮಲ್ಲಿ ಮಾತ್ರವೇ ಹುಟ್ಟಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ಇದರ ತವರು ಮೆಕ್ಸಿಕೊ ದೇಶದ ಕೆರೆಟಾರೊ ಮತ್ತು ಇಡಾಲ್ಗೊ ಪ್ರಾಂತಗಳ ಗಡಿಯಲ್ಲಿ ಮೊಕ್ಟೆಜುಮ ನದಿಯು ಕೊರೆದಿರುವ ಕಂದರದ ಕಡಿದಾದ ಬಂಡೆಯಿಳಿಜಾರು. 1886ರಲ್ಲಿ ಹಿಲ್ಡ್‌ಮನ್ ಎಂಬ ಜರ್ಮನ್ ಕಳ್ಳಿತಜ್ಞನು ಇದನ್ನು ವರ್ಣಿಸಿ ಎಕೈನೊಕ್ಯಾಕ್ಟಸ್ ಗ್ರೂಸೋನಿಯೈ ಎಂದು ಹೆಸರಿಟ್ಟನು. ಹೆಸರಿನಲ್ಲಿರುವ ಗ್ರೂಸನ್ ಸಸ್ಯವಿಜ್ಞಾನಿಯಲ್ಲ. ಮಾಗ್ಡೆಬರ್ಗ್ ನಗರದಲ್ಲಿ ಎರಕದ ಕಬ್ಬಿಣದ ಕಾರ್ಖಾನೆ ನಡೆಸುತ್ತಿದ್ದ ಎಂಜಿನಿಯರು. ಕೋಟೆಗಳಿಗೆ ಉಕ್ಕಿನಂತಹ ಕವಚಗಳನ್ನು ಎರೆಯುತ್ತಿದ್ದ ಆತನು ಬಿಡುವಿನಲ್ಲಿ ಗಾಜಿನ ಮನೆಗಳಲ್ಲಿ ಕಳ್ಳಿಗಳನ್ನು ಸಾಕುತ್ತಿದ್ದನು. 2014ರಲ್ಲಿ ಈ ಗಿಡವನ್ನು ಕ್ರೋನ್‌ಲೈನಿಯ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತಾದರೂ ಹಳೆಯ ಹೆಸರೇ ಇನ್ನೂ ಹೆಚ್ಚು ಬಳಕೆಯಲ್ಲಿದೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಕನ್ನಡದಲ್ಲಿ ಕಳ್ಳಿ ಎಂಬ ಒಂದೇ ಮಾತನ್ನು ನಾವು ಎರಡು ಬೇರೆ ಬೇರೆ ಮನೆತನಗಳಿಗೆ ಬಳಸುತ್ತೇವೆ. ಬೇಲಿಯಲ್ಲಿ ಕಾಣುವ ಚದುರಗಳ್ಳಿ ನಮ್ಮ ನೆಲದ್ದೇ. ಅದನ್ನು ಗೀರಿದರೆ ಬಿಳಿಯ ಹಾಲು ಒಸರುವುದು. ಆ ಹಾಲು ಕಣ್ಣಿಗೆ ಅಪಾಯಕರ. ಪಾಪಾಸುಕಳ್ಳಿಯಾದರೋ ಅಮೆರಿಕದಿಂದ ಬಂದ ನಿಜವಾದ ಕ್ಯಾಕ್ಟಸ್ಸು. ಕ್ಯಾಕ್ಟಸ್ ಕುಟುಂಬದ ಸಾವಿರಕ್ಕೂ ಮಿಕ್ಕ ಪ್ರಭೇದಗಳಲ್ಲಿ ಒಂದೇ ಒಂದನ್ನು ಬಿಟ್ಟರೆ ಉಳಿದುವೆಲ್ಲವೂ ಅಮೆರಿಕ ಖಂಡಗಳಲ್ಲಿ ಹುಟ್ಟಿದುವು. ಮುಳ್ಳುಗಳು ಹುಟ್ಟುವೆಡೆ ತುಪ್ಪುಳಿನ ಸಣ್ಣ ಮೆತ್ತೆಯಿದ್ದರೆ ಅದು ಕ್ಯಾಕ್ಟಸ್ ಎಂದು ತಿಳಿಯಬೇಕು. ರಕ್ತಸಂಬಂಧವಿಲ್ಲದ ಈ ಎರಡು ಮನೆತನಗಳು ಒಂದೇ ವೇಷ ತೊಟ್ಟಿರುವುದಕ್ಕೆ ಕಾರಣ, ಎರಡಕ್ಕೂ ಬಂದೊದಗಿದ ಕಷ್ಟ ಒಂದೇ ಆಗಿದ್ದುದು: ನೀರಿನ ಅಭಾವ.

ಗೋಳದ ಲೆಕ್ಕ

ನೀರನ್ನು ಉಳಿಸಬೇಕಾದ ವಸ್ತುವಿಗೆ ಯಾವ ಆಕಾರ ಮೇಲು? ನೀರು ಆವಿಯಾಗುವುದು ಮೇಲ್ಮೈಯಿಂದ, ಶೇಖರವಾಗುವುದು ಘನಗಾತ್ರದಲ್ಲಿ. ಆದುದರಿಂದ ಗೊತ್ತಾದ ಘನಗಾತ್ರಕ್ಕೆ ಅತ್ಯಂತ ಕಡಿಮೆ ಮೇಲ್ಮೈಯುಳ್ಳ ಆಕಾರವೇ ಮೇಲು. ಅದು ಗೋಳವೆಂದು ಗಣಿತವು ಸಾರುತ್ತದೆ.

ಹತ್ತು ಸೆಂಟಿಮೀಟರು ತ್ರಿಜ್ಯದ ಗೋಳವೊಂದನ್ನು ತೆಗೆದುಕೊಳ್ಳೋಣ. ಅದರ ಘನಗಾತ್ರ ಸುಮಾರು 4.2 ಲೀಟರು; ಮೇಲ್ಮೈ ಸುಮಾರು 0.126 ಚದರ ಮೀಟರು. ಅಷ್ಟೇ ಘನಗಾತ್ರವನ್ನು 0.2 ಮಿಲಿಮೀಟರು ದಪ್ಪದ ಎಲೆಗಳನ್ನಾಗಿ ಹರಡಿದರೆ ಎರಡು ಪಕ್ಕಗಳೂ ಸೇರಿ ಮೇಲ್ಮೈ ಸುಮಾರು 42 ಚದರ ಮೀಟರು ಆಗುವುದು. ಎಂದರೆ ಮುನ್ನೂರ ಮೂವತ್ತು ಮಡಿಗೂ ಹೆಚ್ಚು! ಎಲೆಯನ್ನು ತೊರೆದು ಗುಂಡಾದುದರಿಂದ ಕಳ್ಳಿಗೆ ಎಷ್ಟು ಲಾಭವೆಂಬುದು ಇದರಿಂದ ಸ್ಪಷ್ಟವಾಗುವುದು. ಅದಕ್ಕೆ ತೆತ್ತ ಬೆಲೆಯೂ ಇದೆ. ಬೆಳಕನ್ನು ಹಿಡಿಯುವುದೂ ಮೇಲ್ಮೈಯೇ ಅಲ್ಲವೆ? ಮೇಲ್ಮೈ ಕುಗ್ಗಿದರೆ ಆಹಾರದ ತಯಾರಿಕೆಯೂ ಕುಗ್ಗುವುದು. ಆದುದರಿಂದಲೇ ಕಳ್ಳಿಯು ನಿಧಾನವಾಗಿ ಬೆಳೆಯುತ್ತದೆ.

ಏಣುಗಳ ಪ್ರಯೋಜನವೇನು? ಹಾರ್ಮೋನಿಯಮ್ಮಿನ ತಿದಿಯನ್ನು ನೆನಪಿಗೆ ತಂದುಕೊಳ್ಳಬೇಕು. ಮಳೆ ಬಂದಾಗ ಮಡಿಕೆಗಳು ಬಿಚ್ಚಿಕೊಂಡು ಗಿಡವು ಉಬ್ಬುವುದು. ಬರ ಬಂದಾಗ ಮಡಿಕೆಗಳು ಆಳವಾಗಿ ಗಿಡವು ಕುಗ್ಗುವುದು. ಚರ್ಮವು ಹಿಗ್ಗಿ ಹರಿಯುವ ಭಯವಿಲ್ಲ. ಇನ್ನು ಮುಳ್ಳುಗಳು: ಅವು ಮೇಯುವ ಪ್ರಾಣಿಗಳನ್ನು ದೂರವಿಡುವುದಲ್ಲದೆ ಸಾವಿರಾರು ಸಣ್ಣ ಗಳುಗಳ ಚಪ್ಪರದಂತೆ ಮೈಗೆ ನೆರಳನ್ನೂ ನೀಡುವುವು.

ರಾತ್ರಿಯ ಉಸಿರು

ಆಕಾರಕ್ಕಿಂತಲೂ ಸೋಜಿಗವಾದುದು ಈ ಗಿಡದ ದಿನಚರಿ. ಸಾಮಾನ್ಯ ಸಸ್ಯಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಬಾಗಿಲು ತೆರೆದಾಗ ಅನಿಲವು ಒಳಕ್ಕೆ ಬರುವಂತೆಯೇ ನೀರಾವಿಯು ಹೊರಕ್ಕೆ ಹೋಗುವುದು. ಕಳ್ಳಿಯು ಬಾಗಿಲನ್ನು ತೆರೆಯುವುದು ರಾತ್ರಿಯಲ್ಲಿ. ಆಗ ದೊರೆತ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುವುದು. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಕೂಡಿಟ್ಟ ಆಮ್ಲದಿಂದ ಅನಿಲವನ್ನು ಬಿಡಿಸಿಕೊಂಡು, ಸೂರ್ಯನ ಬೆಳಕಿನಲ್ಲಿ ಸಕ್ಕರೆಯನ್ನು ತಯಾರಿಸುವುದು.

ಇದರಿಂದ ಎಷ್ಟು ನೀರು ಉಳಿಯುವುದು? ಬಾಷ್ಪದ ಒತ್ತಡದ ಕೋಷ್ಟಕವನ್ನು ನೋಡಿದರೆ ಲೆಕ್ಕ ಸುಲಭ. 35 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಸಂತೃಪ್ತ ಬಾಷ್ಪದ ಒತ್ತಡ ಸುಮಾರು 42 ಮಿಲಿಮೀಟರು ಪಾದರಸ. 15 ಡಿಗ್ರಿಯಲ್ಲಿ ಸುಮಾರು 13. ಒಣ ಹವೆಯಲ್ಲಿರುವ ಆವಿಯ ಒತ್ತಡ ಹಗಲೂ ರಾತ್ರಿಯೂ 9 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಆವಿಯನ್ನು ಗಿಡದಿಂದ ಹೊರಕ್ಕೆ ಎಳೆಯುವ ವ್ಯತ್ಯಾಸ ಹಗಲಿನಲ್ಲಿ 33. ರಾತ್ರಿಯಲ್ಲಿ ಕೇವಲ 4. ರಂಧ್ರಗಳು ಅಷ್ಟೇ ತೆರೆದಿದ್ದರೂ ನಷ್ಟವು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯಿತು.

ಈ ದಿನಚರಿಯ ಮೊದಲ ಸುಳಿವುಗಳಲ್ಲೊಂದು ಭಾರತದಲ್ಲಿ ದೊರೆಯಿತೆಂಬುದು ನಮಗೆ ಸಂತೋಷದ ಸಂಗತಿ. ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞನು ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದನು. ಟಿಪ್ಪುವಿನ ಪತನದ ಅನಂತರ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ಕೆಲಕಾಲ ವಹಿಸಿಕೊಂಡಿದ್ದವನೂ ಆತನೇ. ಕಾಡುಬಸಳೆಯ ಎಲೆಯನ್ನು ಬೆಳಗ್ಗೆ ಅಗಿದರೆ ಹುಳಿಯಾಗಿಯೂ ಮಧ್ಯಾಹ್ನ ಅಗಿದರೆ ಸಪ್ಪೆಯಾಗಿಯೂ ಇರುವುದನ್ನು ಆತನು ಗಮನಿಸಿ ಬರೆದ ಪತ್ರವು 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ರಾತ್ರಿ ಕೂಡಿದ ಆಮ್ಲವು ಹಗಲಿನಲ್ಲಿ ಖರ್ಚಾಗುವುದೇ ಇದರ ರಹಸ್ಯ. ಓದುಗರು ನಾಲಗೆಯನ್ನು ಬಳಸಬೇಕಾಗಿಲ್ಲ. ಕಾಡುಬಸಳೆಯ ಎಲೆಯನ್ನು ಸೂರ್ಯೋದಯಕ್ಕೆ ಮುಂಚೆ ಒಮ್ಮೆ, ಸಂಜೆ ಒಮ್ಮೆ ಜಜ್ಜಿ, ರಸವನ್ನು ಪಿಎಚ್ ಕಾಗದಕ್ಕೆ ಮುಟ್ಟಿಸಿ ಬಣ್ಣಗಳನ್ನು ಹೋಲಿಸಿದರೆ ಸಾಕು.

ಕುಂಡವು ಪುಟ್ಟ ಹೊಲವಲ್ಲ

ಇಷ್ಟು ಜಾಣತನದಿಂದ ನೀರನ್ನು ಉಳಿಸುವ ಗಿಡವು ನೀರಿನಿಂದಲೇ ಸಾಯುವುದೇಕೆ? ಸಾಯುವುದು ಗಿಡದ ಬೇರು. ಸಾಯುವುದು ನೀರಿನಿಂದಲ್ಲ, ಉಸಿರು ಕಟ್ಟಿ.

ಬೇರಿನಲ್ಲಿ ಪತ್ರಹರಿತ್ತಿಲ್ಲ. ಅದು ಪ್ರಾಣಿಗಳಂತೆಯೇ ಆಮ್ಲಜನಕವನ್ನು ಬಳಸಿ ಉಸಿರಾಡುವುದು. ಮಣ್ಣಿನ ಕಣಗಳ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಮು ಆಮ್ಲಜನಕವಿದ್ದರೆ, 25 ಡಿಗ್ರಿಯಲ್ಲಿರುವ ಒಂದು ಲೀಟರು ನೀರಿನಲ್ಲಿ ಕರಗಿರಬಲ್ಲುದು ಸುಮಾರು 8 ಮಿಲಿಗ್ರಾಮು ಮಾತ್ರ. ಅದೂ ಅಲ್ಲದೆ ನೀರಿನಲ್ಲಿ ಆಮ್ಲಜನಕದ ವಿಸರಣವು ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಾಲು ನಿಧಾನ. ಸಂದುಗಳು ನೀರಿನಿಂದ ತುಂಬಿಕೊಂಡರೆ ಬೇರಿಗೆ ಉಸಿರಿಲ್ಲ. ನಿತ್ರಾಣವಾದ ಬೇರನ್ನು ಕೊಳೆರೋಗದ ಸೂಕ್ಷ್ಮಜೀವಿಗಳು ಹೊಗುವುವು. ಇವುಗಳಲ್ಲಿ ಮುಖ್ಯವಾದ ಫೈಟಾಫ್ತೊರ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಸಸ್ಯನಾಶಕ’ ಎಂದೇ ಅರ್ಥ. ಅದರ ಪ್ರಭೇದವೊಂದನ್ನು 1870ರಲ್ಲಿ ಮೊದಲು ಗುರುತಿಸಿದುದು ಕೊಳೆಯುತ್ತಿದ್ದ ಕಳ್ಳಿಗಳಲ್ಲಿಯೇ. ಅದೇ ಕುಲದ ಇನ್ನೊಂದು ಪ್ರಭೇದವು ಮಳೆಗಾಲದಲ್ಲಿ ಮಲೆನಾಡಿನ ಅಡಕೆಗೆ ಕೊಳೆರೋಗವನ್ನು ತರುವುದೆಂಬುದನ್ನು ತೋಟದ ಮನೆಗಳ ಮಕ್ಕಳು ಬಲ್ಲರು.

ಹಾಗಾದರೆ ಕುಂಡದ ನೀರು ತಳದ ತೂತಿನಿಂದ ಬಸಿದುಹೋಗುವುದಿಲ್ಲವೆ? ಹೋಗುವುದು, ಆದರೆ ಎಲ್ಲವೂ ಅಲ್ಲ. ಲೋಮನಾಳದ ಪ್ರಯೋಗವನ್ನು ಸ್ಮರಿಸಬೇಕು. ಸಣ್ಣ ರಂಧ್ರದ ಗಾಜಿನ ಕೊಳವೆಯನ್ನು ನೀರಿನಲ್ಲಿ ನಿಲ್ಲಿಸಿದರೆ ಮೇಲ್ಮೈ ಕರ್ಷಣದಿಂದಾಗಿ ನೀರು ಅದರೊಳಗೆ ಏರುವುದಷ್ಟೆ. ಕೊಳವೆಯನ್ನು ನೀರಿನಿಂದ ಮೇಲಕ್ಕೆ ಎತ್ತಿ ಹಿಡಿದರೂ ಒಳಗಿನ ನೀರಿನ ಕಂಬವು ಕೆಳಗೆ ಬೀಳುವುದಿಲ್ಲ. ಮಣ್ಣಿನ ಸಂದುಗಳೂ ಅಂತಹ ಲೋಮನಾಳಗಳೇ. ಅವು ಕುಂಡದ ತಳದಿಂದ ಒಂದು ಗೊತ್ತಾದ ಎತ್ತರದವರೆಗೆ ನೀರನ್ನು ಹಿಡಿದೇ ಇರುವುವು. ಆ ಎತ್ತರವು ಸಂದುಗಳ ತ್ರಿಜ್ಯಕ್ಕೆ ವಿಲೋಮಾನುಪಾತದಲ್ಲಿದೆ. ತ್ರಿಜ್ಯ 0.1 ಮಿಲಿಮೀಟರು ಆದರೆ ಎತ್ತರ ಸುಮಾರು 15 ಸೆಂಟಿಮೀಟರು, 0.3 ಮಿಲಿಮೀಟರು ಆದರೆ 5; 1 ಮಿಲಿಮೀಟರು ಆದರೆ ಒಂದೂವರೆ. ನಿಜವಾದ ಮಣ್ಣಿನಲ್ಲಿ ಎಲ್ಲ ಗಾತ್ರದ ಸಂದುಗಳೂ ಬೆರೆತಿರುವುದರಿಂದ ಈ ಅಂಕಿಗಳು ಅಂದಾಜು ಮಾತ್ರ; ಆದರೆ ನಿಯಮವು ಇದೇ.

ಇದನ್ನು ಮನೆಯಲ್ಲಿಯೇ ನೋಡಬಹುದು. ಇಟ್ಟಿಗೆಯ ಆಕಾರದ ಸ್ಪಂಜೊಂದನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಡ್ಡಲಾಗಿ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಹಿಂಡದೆ, ಅಲುಗಿಸದೆ, ಅದನ್ನು ಮೆಲ್ಲಗೆ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯಲಾರಂಭಿಸುವುದು! ಸ್ಪಂಜು ಅದೇ, ನೀರೂ ಅದೇ. ತಳದಲ್ಲಿ ನಿಲ್ಲುವ ಒದ್ದೆ ಪದರದ ಎತ್ತರವೂ ಹೆಚ್ಚುಕಡಿಮೆ ಅದೇ. ಆದರೆ ನೆಟ್ಟಗೆ ನಿಂತಾಗ ಆ ಪದರದ ತಳವು ಕಿರಿದಾಯಿತು; ಹೆಚ್ಚಾದ ನೀರು ಹೊರಬಿದ್ದಿತು. ತಗ್ಗಾದ ಅಗಲ ಕುಂಡವು ಮಲಗಿದ ಸ್ಪಂಜಿನಂತೆ. ಎತ್ತರದ ಕುಂಡವು ನಿಂತ ಸ್ಪಂಜಿನಂತೆ.

ಹೊಲದಲ್ಲಿಯೋ ಮೆಕ್ಸಿಕೊದ ಇಳಿಜಾರಿನಲ್ಲಿಯೋ ನೀರಿಗೆ ಈ ತಡೆಯಿಲ್ಲ. ಮೇಲೆ ಬಿದ್ದ ನೀರನ್ನು ಕೆಳಗಿನ ಮಣ್ಣು, ಅದರ ಕೆಳಗಿನ ಮಣ್ಣು ಎಳೆದುಕೊಳ್ಳುತ್ತ ಹೋಗುವುದು. ಒದ್ದೆ ಪದರವೇನಾದರೂ ಇದ್ದರೆ ಅದು ಬೇರುಗಳಿಗೆ ಬಹುದೂರದಲ್ಲಿ ಇರುವುದು. ಕಳ್ಳಿಯ ಬೇರುಗಳು ನೆಲದ ಮೇಲ್ಪದರದಲ್ಲಿಯೇ ಹರಡಿಕೊಂಡು, ಬಿದ್ದ ಮಳೆಯನ್ನು ಬೇಗಬೇಗನೆ ಹೀರಿ, ಮತ್ತೆ ಒಣಗಿದ ಮಣ್ಣಿನಲ್ಲಿ ಗಾಳಿಯಾಡುತ್ತ ಇರುವುವು. ಕುಂಡವೆಂದರೆ ಆ ಆಳವಾದ ಮಣ್ಣಿನ ಕಂಬವನ್ನು ಗೇಣುದ್ದಕ್ಕೆ ಕತ್ತರಿಸಿ ಗಾಳಿಯಲ್ಲಿ ನಿಲ್ಲಿಸಿದಂತೆ. ಆದುದರಿಂದ ಕುಂಡವು ಪುಟ್ಟ ಹೊಲವಲ್ಲ.

ಈಗ ನಾವು ತಳಕ್ಕೆ ಹಾಕಿದ ಜಲ್ಲಿಯ ಕಥೆಯನ್ನು ವಿಚಾರಿಸೋಣ. ನೀರು ಬಸಿಯಲು ಇದು ಸಹಾಯಕವೆಂದು ಅನೇಕರು ನಂಬಿರುವರು, ನಾವೂ ನಂಬಿದ್ದೆವು. ಆದರೆ ನಯವಾದ ಮಣ್ಣಿನ ಸಣ್ಣ ಸಂದುಗಳ ಸೆಳೆತವು ಜಲ್ಲಿಯ ದೊಡ್ಡ ಸಂದುಗಳ ಸೆಳೆತಕ್ಕಿಂತ ಹೆಚ್ಚು. ಮಣ್ಣು ತನ್ನ ತಳದಲ್ಲಿ ತಣಿಯುವಷ್ಟು ನೀರು ತುಂಬಿಕೊಳ್ಳುವವರೆಗೆ ಜಲ್ಲಿಗೆ ಹನಿಯನ್ನೂ ಬಿಟ್ಟುಕೊಡುವುದಿಲ್ಲ. ಎಂದರೆ ಕುಂಡದ ತಳದಲ್ಲಿ ನಿಲ್ಲುತ್ತಿದ್ದ ಒದ್ದೆ ಪದರವು ಈಗ ಜಲ್ಲಿಯ ಮೇಲಕ್ಕೆ ಏರಿ ಕುಳಿತಿತು. 12 ಸೆಂಟಿಮೀಟರು ಆಳದ ಕುಂಡದಲ್ಲಿ ಒದ್ದೆ ಪದರ 5 ಸೆಂಟಿಮೀಟರು ಎಂದಿಟ್ಟುಕೊಂಡರೆ, ಗಾಳಿಯಾಡುವ ಮಣ್ಣು 7 ಸೆಂಟಿಮೀಟರು ಉಳಿಯುವುದು. ತಳದಲ್ಲಿ 4 ಸೆಂಟಿಮೀಟರು ಜಲ್ಲಿ ಹಾಕಿದರೆ ಉಳಿಯುವುದು 3 ಮಾತ್ರ. ನಾವು ಗಿಡಕ್ಕೆ ಉಪಕಾರವೆಂದು ಮಾಡಿದ್ದು ಅದರ ಕೊರಳನ್ನು ಹಿಸುಕಿದಂತೆ ಆಯಿತು. ಜರಡಿ ಹಿಡಿದ ನಯವಾದ ಮಣ್ಣು, ಪಕ್ಕದಿಂದ ಒಂದಿಷ್ಟೂ ಆವಿ ಬಿಡದ ಪಿಂಗಾಣಿ, ಒಣಗಲು ಎಡೆಗೊಡದ ದಿನದಿನದ ಲೋಟಗಳು ಉಳಿದುದನ್ನು ಪೂರೈಸಿದುವು. ಜಲ್ಲಿಯನ್ನು ತಳದಲ್ಲಿ ಹರಡುವ ಬದಲು ಮಣ್ಣಿನೊಳಕ್ಕೇ ಬೆರೆಸಿದ್ದರೆ ಸಂದುಗಳು ದೊಡ್ಡವಾಗಿ ಒದ್ದೆ ಪದರವು ಎರಡು ಬೆರಳಿಗೆ ಇಳಿಯುತ್ತಿದ್ದಿತು.

ಸಾಕುವ ಕ್ರಮ

ಇಷ್ಟನ್ನು ತಿಳಿದವರಿಗೆ ಸಾಕುವ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಒಂದೊಂದಕ್ಕೂ ಕಾರಣವು ತಾನಾಗಿ ಹೊಳೆಯುವುದು.

ಕುಂಡವು ಸುಟ್ಟ ಮಣ್ಣಿನದಾಗಿರಲಿ. ಬೇಸಗೆಯ ಹೂಜಿಯಂತೆ ಅದರ ಗೋಡೆಯಿಂದಲೂ ನೀರು ಆವಿಯಾಗಿ, ಗುಪ್ತೋಷ್ಣವನ್ನು ಹೀರಿ, ಬೇರನ್ನು ತಂಪಾಗಿಡುವುದು. ಗಿಡದ ಸುತ್ತ ಎರಡು ಬೆರಳು ಎಡೆಯಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ವೃಥಾ ಒದ್ದೆಯಾಗಿ ನಿಲ್ಲುವುದು. ತಳದ ತೂತನ್ನು ಮಣ್ಣು ಜಾರದಂತೆ ಒಂದು ಬೋಕಿಯ ಚೂರಿನಿಂದ ಮರೆಮಾಡಿದರೆ ಆಯಿತು. ಜಲ್ಲಿಯ ಪದರ ಬೇಡ.

ಮಿಶ್ರಣಕ್ಕೆ ಎರಡು ಭಾಗ ದಪ್ಪ ಮರಳು ಅಥವಾ ಕಡಲೆಕಾಳಿಗಿಂತ ಸಣ್ಣದಾಗಿ ಕುಟ್ಟಿದ ಇಟ್ಟಿಗೆಯ ಚೂರು, ಒಂದು ಭಾಗ ಕೆಮ್ಮಣ್ಣು, ಒಂದು ಭಾಗ ಚೆನ್ನಾಗಿ ಕಳಿತ ಎಲೆಗೊಬ್ಬರ ಸಾಕು. ಜರಡಿ ಹಿಡಿಯಬೇಕಾದುದು ಧೂಳನ್ನು ತೆಗೆದುಹಾಕಲು, ದಪ್ಪವನ್ನು ಉಳಿಸಿಕೊಳ್ಳಬೇಕು. ನಾವು ಮಾಡಿದುದು ಇದಕ್ಕೆ ತೀರ ವಿರುದ್ಧವಾದುದು. ಸಮುದ್ರದ ಮರಳನ್ನು ಉಪ್ಪಿನ ದೆಸೆಯಿಂದ ಬಳಸಬಾರದು.

ನೀರು ಕೊಡುವಾಗ ತೂತಿನಿಂದ ಹೊರಬರುವವರೆಗೆ ಪೂರ್ತಿ ಕೊಡಬೇಕು. ಅನಂತರ ಪೂರ್ತಿ ಒಣಗುವವರೆಗೆ ಕೊಡಲೇಬಾರದು. ಮರುಭೂಮಿಯ ಮಳೆಯ ರೀತಿ ಇದೇ. ದಿನಕ್ಕೊಂದು ಚಮಚ ಕೊಡುವ ಕರುಣೆ ಬೇಡ. ಒಣಗಿತೆಂದು ತಿಳಿಯುವುದು ಹೇಗೆ? ಮೇಲಿನ ಮಣ್ಣು ಮೋಸಮಾಡುವುದು, ತಕ್ಕಡಿಯು ಮೋಸಮಾಡದು. ಪೂರ್ತಿ ಒಣಗಿದ ಕುಂಡವನ್ನು ತೂಗಿ ತೂಕವನ್ನು ಬರೆದಿಡಿ. ಅದು 1,400 ಗ್ರಾಮು ಎನ್ನೋಣ. ನೀರು ಕೊಟ್ಟು ಬಸಿದ ಮೇಲೆ 1,700 ಆದರೆ, ಮಣ್ಣು ಹಿಡಿದ ನೀರು 300 ಗ್ರಾಮು. ಎರಡು ದಿನಕ್ಕೊಮ್ಮೆ ತೂಗಿ ನಕ್ಷೆ ಎಳೆಯಿರಿ. ಗೆರೆಯು ಇಳಿದು ಇಳಿದು 1,400ರ ಬಳಿ ಚಪ್ಪಟೆಯಾಗುವುದು. ಅಲ್ಲಿಂದ ನಾಲ್ಕು ದಿನ ತಡೆದು ಮತ್ತೆ ನೀರು ಕೊಡಿ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಇದು ಹತ್ತು ಹನ್ನೆರಡು ದಿನಕ್ಕೊಮ್ಮೆಯೂ ಚಳಿಗಾಲದಲ್ಲಿ ತಿಂಗಳಿಗೊಮ್ಮೆಯೂ ಆಗಬಹುದು. ಆದರೆ ಪಂಚಾಂಗಕ್ಕಿಂತ ತಕ್ಕಡಿಯನ್ನು ನಂಬುವುದು ಮೇಲು. ಮುಂಗಾರಿನ ನಾಲ್ಕು ತಿಂಗಳು ಗಿಡವನ್ನು ಮಳೆ ತಾಕದ, ಬೆಳಕೂ ಗಾಳಿಯೂ ಇರುವ ಸೂರಿನ ಕೆಳಗೆ ಇಡಬೇಕು.

ಬೆಳಕು ಧಾರಾಳವಾಗಿರಲಿ. ಕತ್ತಲೆಯ ಮೂಲೆಯಲ್ಲಿಟ್ಟರೆ ಗೋಳವು ಮೇಲಕ್ಕೆ ಎಳೆದುಕೊಂಡು ಬಿಳಿಚಿಕೊಳ್ಳುವುದು; ಆ ವಿಕಾರವು ಮತ್ತೆ ಸರಿಹೋಗದು. ಆದರೆ ನೆರಳಿನಲ್ಲಿ ಬೆಳೆದ ಗಿಡವನ್ನು ಒಮ್ಮೆಗೇ ಬಿಸಿಲಿಗೆ ಇಟ್ಟರೆ ಚರ್ಮ ಸುಡುವುದು. ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಸಿಲನ್ನು ರೂಢಿಸಬೇಕು. ರಾತ್ರಿ ಉಸಿರಾಡುವ ಗಿಡವಾದುದರಿಂದ ಸೆಕೆಯ ಮುಚ್ಚಿದ ಕೋಣೆಗಿಂತ ಇರುಳಿನ ತಂಗಾಳಿ ಸುಳಿಯುವ ಜಗಲಿಯೇ ಲೇಸು.

ಕುಂಡ ಬದಲಾಯಿಸುವಾಗ ಗಿಡಕ್ಕೆ ಗೋಣಿತಟ್ಟನ್ನು ಸುತ್ತಿ ಎತ್ತಬೇಕು. ಬೇರಿಗೆ ಆದ ಗಾಯ ಮಾಯಲೆಂದು ಒಂದು ವಾರ ನೀರು ಕೊಡಬಾರದು. ಮುಳ್ಳಿನ ಬುಡದಲ್ಲಿ ಹಿಟ್ಟು ಚೆಲ್ಲಿದಂತೆ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರಸಿ ತೆಗೆಯಬೇಕು. ಬುಡವು ಮೆತ್ತಗಾಗುತ್ತಿದೆಯೆಂಬ ಸಂದೇಹ ಬಂದರೆ ಒಡನೆಯೇ ಕಿತ್ತು, ಕೊಳೆತ ಭಾಗವನ್ನು ಆರೋಗ್ಯವಾದ ತಿರುಳು ಕಾಣುವವರೆಗೆ ಕತ್ತರಿಸಿ, ನೆರಳಿನಲ್ಲಿ ಒಣಗಿಸಿ ಮತ್ತೆ ಊರಬಹುದು. ನಮ್ಮ ಗಿಡಕ್ಕೆ ಆ ಅವಕಾಶವೂ ಮೀರಿಹೋಗಿದ್ದಿತು.

ಈ ಪ್ರಭೇದವು ಸಾಮಾನ್ಯವಾಗಿ ಮರಿಯೊಡೆಯುವುದಿಲ್ಲ, ಬೀಜವೇ ಗತಿ. ದಪ್ಪ ಮರಳಿನ ಮಿಶ್ರಣದ ಮೇಲೆ ಬೀಜವನ್ನು ಉದುರಿಸಿ, ಮಣ್ಣು ಮುಚ್ಚದೆ, ಗಾಜಿನ ಚೂರಿನಿಂದ ಕುಂಡದ ಬಾಯಿ ಮುಚ್ಚಿ, ನೆರಳಿನಲ್ಲಿ ತೇವವಾಗಿಟ್ಟರೆ ಒಂದರಿಂದ ಮೂರು ವಾರಗಳಲ್ಲಿ ಮೊಳೆಯುವುದು. ಹೂವಿನ ಆಸೆಯನ್ನು ಇಟ್ಟುಕೊಳ್ಳಬೇಡಿ. ವ್ಯಾಸವು ಒಂದಡಿಯನ್ನು ಮೀರುವವರೆಗೆ ಇದು ಹೂ ಬಿಡುವುದು ಅಪೂರ್ವ. ಅದಕ್ಕೆ ಹದಿನೈದು ಇಪ್ಪತ್ತು ವರ್ಷಗಳು ಹಿಡಿಯಬಹುದು.

ನೀರಿನಲ್ಲಿ ಮುಳುಗಿದ ತವರು

ನಮ್ಮ ಕುಂಡದಲ್ಲಿ ನಡೆದುದು ದೊಡ್ಡ ಪ್ರಮಾಣದಲ್ಲಿ ಈ ಗಿಡದ ತವರಿನಲ್ಲಿಯೂ ನಡೆದಿದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಮೊಕ್ಟೆಜುಮ ನದಿಗೆ ಜಿಮಪಾನ್ ಅಣೆಕಟ್ಟನ್ನು ಕಟ್ಟಿದರು. ಕಂದರದಲ್ಲಿ ನೀರು ಏರಿ ಪೀಪಾಯಿಕಳ್ಳಿಗಳು ಬೆಳೆದಿದ್ದ ಇಳಿಜಾರುಗಳ ಬಹುಭಾಗ ಮುಳುಗಿತು. ಅದಕ್ಕೆ ಮುಂಚೆಯೂ ಮಾರಾಟಕ್ಕಾಗಿ ಕಿತ್ತುಹೋದ ಗಿಡಗಳು ಅಸಂಖ್ಯ. ಹೀಗಾಗಿ ಜಗತ್ತಿನ ಉದ್ಯಾನಗಳಲ್ಲಿ ಲಕ್ಷೋಪಲಕ್ಷವಾಗಿ ಕಾಣುವ ಈ ಗಿಡವು ತನ್ನ ಕಾಡಿನಲ್ಲಿ ಅಳಿವಿನ ಅಪಾಯದಲ್ಲಿದೆ. ಕಾಡಿನಿಂದ ಕಿತ್ತ ಕಳ್ಳಿಗಳ ವ್ಯಾಪಾರವನ್ನು ತಡೆಯಲು ಅಂತರರಾಷ್ಟ್ರೀಯ ಒಪ್ಪಂದವಿದೆ. ಕೊಳ್ಳುವವರು ಬೀಜದಿಂದ ಬೆಳೆಸಿದ ಗಿಡವೇ ಎಂದು ವಿಚಾರಿಸಿ ಕೊಳ್ಳುವುದು ಕರ್ತವ್ಯ.

ಉದ್ಯಾನದ ಗಿಡವು ಕಾಡಿನ ಗಿಡಕ್ಕೆ ಸಾಟಿಯಲ್ಲ ನಿಜ. ಆದರೂ ಒಂದು ಗಿಡವನ್ನು ಇಪ್ಪತ್ತು ವರ್ಷ ಬದುಕಿಸಿ, ಅದು ಹೂ ಬಿಟ್ಟು ಬೀಜ ಕಟ್ಟುವುದನ್ನು ನೋಡಿದವರಿಗೆ ಆ ಕಂದರದಲ್ಲಿ ಕಳೆದುಹೋದುದೇನೆಂಬುದು ಅರಿವಾಗುವುದು.

ನಿವೃತ್ತರಾದ ಅಧ್ಯಾಪಕರ ಮನೆಗೆ ಹೋಗಿ ನಾವು ನಡೆದುದನ್ನು ಹೇಳಿದೆವು. ಅವರು ಬೇಸರವನ್ನು ತೋರಿಸಿಕೊಳ್ಳಲಿಲ್ಲ. “ಜಲ್ಲಿ ಹಾಕಿದಿರಾ?” ಎಂದು ಕೇಳಿ, ಒಳಗೆ ಹೋಗಿ, ಒಂದು ಲಕೋಟೆಯಲ್ಲಿ ಬೀಜಗಳನ್ನು ತಂದುಕೊಟ್ಟರು. ಪ್ರಯೋಗಶಾಲೆಯ ಅದೇ ಕಿಟಕಿಯಲ್ಲಿ ಈಗ ಹನ್ನೊಂದು ಸಸಿಗಳಿವೆ, ಒಂದೊಂದೂ ನೆಲ್ಲಿಕಾಯಿಯಷ್ಟು. ಪಕ್ಕದಲ್ಲಿ ಒಂದು ತಕ್ಕಡಿ, ಒಂದು ನಕ್ಷೆಯ ಪುಸ್ತಕ. ಲೋಮನಾಳದ ಪಾಠದ ದಿನ ನಾವು ತರಗತಿಗೆ ಗಾಜಿನ ಕೊಳವೆಗಳೊಡನೆ ಒಂದು ಸ್ಪಂಜನ್ನೂ ಒಂದು ಸಸಿಯನ್ನೂ ಒಯ್ಯುತ್ತೇವೆ. ನೀರಿನ ಲೋಟಗಳನ್ನು ಮಾತ್ರ ಬಾಗಿಲ ಹೊರಗೆ ಇಡಿಸುತ್ತೇವೆ.